ಜಾಲರಿಯ ಹಿಂದಿನ ಜ್ಞಾನವೂ ನಮ್ಮದಾಗಲಿ



1492ರಲ್ಲಿ ಗ್ರನಾಡದ ಪತನದೊಂದಿಗೆ ಸ್ಪೇನ್‌ನಲ್ಲಿ ಮುಸ್ಲಿಮರ ಆಡಳಿತ ಕೊನೆಗೊಂಡಿತು. ಬಲವಂತದಿಂದ ಮತಾಂತರಗೊಂಡು ಅಲ್ಲಿಯೇ ಉಳಿದಿದ್ದವರ ಸಂತತಿಯನ್ನೂ 1609ರಿಂದ ದೇಶದ ಹೊರಗೆ ಅಟ್ಟಲಾಯಿತು. ಅದೇ ಸ್ಪೇನ್ 2005ರಲ್ಲಿ ಜಪಾನಿನ ಐಚಿಯ ವಿಶ್ವ ವಸ್ತುಪ್ರದರ್ಶನದಲ್ಲಿ ತನ್ನ ಗುರುತಾಗಿ ಏನನ್ನು ಮುಂದಿಟ್ಟಿತು? ಜಾಲರಿ ಗೋಡೆಯ ಒಂದು ಮಂಟಪವನ್ನು!

ಇರಾನಿನ ಶೀರಾಝ್‌ನಲ್ಲಿ ಜನಿಸಿದ ಫರ್ಶೀದ್ ಮೂಸವಿ ಮತ್ತು ಸ್ಪೇನಿನ ಅಲೆಹಾಂದ್ರೊ ಝೈರಾ-ಪೋಲೊ ಅದರ ವಾಸ್ತುಶಿಲ್ಪಿಗಳು. ಸುಟ್ಟ ಜೇಡಿಮಣ್ಣಿನ ಷಟ್ಕೋನ ಬಿಲ್ಲೆಗಳನ್ನು ಜೋಡಿಸಿ ಅವರು ಮಂಟಪದ ಹೊರಮೈಯನ್ನು ರೂಪಿಸಿದರು. ಎಲ್ಲ ಷಟ್ಕೋನಗಳೂ ಸಮನಾಗಿದ್ದರೆ ಅದು ಬರೀ ಜೇನುಗೂಡಿನಂತೆ ಕಾಣುತ್ತಿತ್ತು. ಆದ್ದರಿಂದ ಅವರು ಆರು ಬಗೆಯ ಓರೆ ಷಟ್ಕೋನಗಳನ್ನು ರಚಿಸಿ, ಒಂದೊಂದಕ್ಕೂ ಒಂದೊಂದು ಬಣ್ಣ ಕೊಟ್ಟರು. ಕೆಲವು ಬಿಲ್ಲೆಗಳು ಮುಚ್ಚಿದ್ದವು, ಕೆಲವು ತೆರೆದಿದ್ದವು. ಕೇವಲ ಆರು ಆಕಾರಗಳಿಂದ, ಕಣ್ಣಿಗೆ ಎಲ್ಲಿಯೂ ಮರುಕಳಿಸಿದಂತೆ ತೋರದ ವಿನ್ಯಾಸವೊಂದು ಮೂಡಿತು.

ಇದರ ಬೇರು ಗ್ರನಾಡದ ಅಲ್‌ಹಂಬ್ರಾದಂತಹ ಕಟ್ಟಡಗಳನ್ನು ನಿರ್ಮಿಸಿದ ಪರಂಪರೆಯಲ್ಲಿದೆ. ಅಂದಿನ ಕುಶಲಕರ್ಮಿಗಳ ಕೈಯಲ್ಲಿದ್ದುದು ಕೈವಾರ ಮತ್ತು ಅಳತೆಪಟ್ಟಿ ಮಾತ್ರ. ವೃತ್ತವನ್ನು ಆರು, ಎಂಟು, ಹತ್ತು ಭಾಗ ಮಾಡಿ ಅವರು ನಕ್ಷತ್ರಗಳನ್ನು ಎಳೆಯುತ್ತಿದ್ದರು. ಅದು ಕೇವಲ ಅಲಂಕಾರವಾಗಿತ್ತೇ? ಖಂಡಿತ ಅಲ್ಲ. ಜಾಲರಿಯು ಸುಡುಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತದೆ. ಒಳಗಿರುವವರು ಹೊರಗನ್ನು ಕಾಣುತ್ತಾರೆ, ಹಗಲಿನಲ್ಲಿ ಹೊರಗಿನವರಿಗೆ ಒಳಗು ಕಾಣದು. ಕೈರೋದ ಮನೆಗಳಲ್ಲಿ ಮರದ ಜಾಲರಿ ಕಿಟಕಿಯ ಬಳಿ ಮಣ್ಣಿನ ಹೂಜಿಗಳನ್ನಿಟ್ಟು ನೀರು ತಂಪಾಗಿಸುತ್ತಿದ್ದರು. ಗಣಿತ, ಸೌಂದರ್ಯ, ಉಪಯೋಗ ಇವು ಮೂರೂ ಒಂದೇ ಗೋಡೆಯಲ್ಲಿ ಬೆರೆತಿದ್ದವು.

ಈ ಜ್ಞಾನವನ್ನು ಮಸೀದಿಗೆ ಮರಳಿ ತಂದ ಉದಾಹರಣೆ ನೆರೆಯ ಬಾಂಗ್ಲಾದೇಶದಲ್ಲಿದೆ. ಢಾಕಾದ ಬೈತುರ್ರವೂಫ್ ಮಸೀದಿಯನ್ನು ವಿನ್ಯಾಸಗೊಳಿಸಿದವರು ಮರೀನಾ ತಬಸ್ಸುಮ್ ಎಂಬ ಮಹಿಳೆ. ಜಮೀನು ದಾನ ಮಾಡಿದವರು ಅವರ ಅಜ್ಜಿ. 2012ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ ಗುಂಬಜವಿಲ್ಲ, ಮಿನಾರವಿಲ್ಲ. ಎಂಟು ಕಂಬಗಳ ಮೇಲೆ ನಿಂತ ಮಂಟಪವೇ ನಮಾಝಿನ ಸ್ಥಳ. ಸುತ್ತಲಿನ ಇಟ್ಟಿಗೆ ಜಾಲರಿಯಿಂದ ಗಾಳಿ ಬೀಸುತ್ತದೆ. ಛಾವಣಿಯ ಸಣ್ಣ ದುಂಡು ರಂಧ್ರಗಳಿಂದ ಬೆಳಕಿನ ಬಿಂದುಗಳು ನೆಲಕ್ಕೆ ಬೀಳುತ್ತವೆ. 2016ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು. ಅಲ್ಲಿ ಬಳಸಿದ್ದು ಅಮೃತಶಿಲೆಯನ್ನಲ್ಲ, ಇಟ್ಟಿಗೆಯನ್ನು ಎಂಬುದು ಗಮನಾರ್ಹ.

ಇನ್ನು ನಮ್ಮತ್ತ ನೋಡಿಕೊಳ್ಳೋಣ. ಅಕ್ಷರಗಳನ್ನೇ ಕೊರೆದು ಕಲ್ಲಿನ ಜಾಲರಿಯಾಗಿಸಿದ ಕಿಟಕಿಗಳು ಬಿಜಾಪುರದ ಇಬ್ರಾಹಿಂ ರೋಝಾದಲ್ಲಿವೆ. ಅಂತಹ ನಾಡಿನಲ್ಲಿದ್ದುಕೊಂಡು ನಾವು ಮಾಡುತ್ತಿರುವುದೇನು? ಗಾಳಿಯಾಡುತ್ತಿದ್ದ ಹಳೆಯ ಮಸೀದಿಯ ಜಗಲಿಯನ್ನು ಕೆಡವಿ, ಗಾಜು ಹಾಕಿ ಮುಚ್ಚುತ್ತೇವೆ. ಗಟ್ಟಿ ಗೋಡೆಯ ಮೇಲೆ ಸಿದ್ಧ ಜಾಲರಿಯ ಚಿತ್ರ ಅಂಟಿಸಿ ಇದು ಇಸ್ಲಾಮೀ ಶೈಲಿ ಎನ್ನುತ್ತೇವೆ. ಬಳಿಕ ಸೆಕೆ ತಾಳಲಾಗದೆ ಎ.ಸಿ.ಗಾಗಿ ಚಂದಾ ಎತ್ತುತ್ತೇವೆ. ಸ್ತ್ರೀಯರಿಗೆ ಸ್ಥಳವೆಲ್ಲಿ ಎಂದು ಕೇಳಿದರೆ, ಬೆಳಕಿಲ್ಲದ ಮೂಲೆಯೊಂದನ್ನು ತೋರಿಸುತ್ತೇವೆ. ಮರೆಯೂ ಬೆಳಕೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಜಾಲರಿಯೇ ಸಾಕ್ಷಿಯಲ್ಲವೇ?

ಪರರು ನಮ್ಮ ಪರಂಪರೆಯನ್ನು ಬಳಸಿಕೊಂಡರೆಂದು ಹೆಮ್ಮೆಪಡುವುದು ಸುಲಭ. ಅವರು ಅಧ್ಯಯನ ಮಾಡಿದರು, ನಾವು ನಕಲು ಮಾಡಿದೆವು ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ. ಇಲ್ಲಿರುವ ಮಸೀದಿ ಸಮಿತಿಗಳ ಹೊಣೆಗಾರರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ನಕ್ಷೆಗೆ ಸಹಿ ಹಾಕುವ ಮುನ್ನ ಗಾಳಿ ಎತ್ತಲಿಂದ ಬರುತ್ತದೆ, ಬೆಳಕು ಎಲ್ಲಿ ಬೀಳುತ್ತದೆ, ಸಹೋದರಿಯರು ಎಲ್ಲಿ ನಿಲ್ಲುತ್ತಾರೆ ಎಂದು ಕೇಳಿರಿ. ಗಣಿತದಲ್ಲಿ ಆಸಕ್ತಿಯುಳ್ಳ ನಿಮ್ಮ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ವಾಸ್ತುಶಿಲ್ಪದ ವ್ಯಾಸಂಗಕ್ಕೆ ಕಳುಹಿಸಿರಿ. ಮುಂದೊಂದು ದಿನ ನಮ್ಮ ಊರಿನ ಮಸೀದಿಯ ನಕ್ಷೆಯನ್ನು ಅವರೇ ಬರೆಯಲಿ.