ವೆಬ್ ಪೇಜ್ ಮಾಡೋಕೆ ಹೊರಟಿದ್ದೀರಾ? ಮೊದಲು ಯಾವ ಸಾಫ್ಟ್‌ವೇರ್ ಹಿಡೀಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತು ಒಂದು ಸಣ್ಣ ವಿಷಯ. ಸ್ವಂತಕ್ಕೊಂದು ವೆಬ್ ಪೇಜ್ ಮಾಡಬೇಕು ಅಂತ ಮೊದಲ ಸಲ ಹೊರಟವರು ಯಾವ ಸಾಫ್ಟ್‌ವೇರ್ ಆರಿಸಿಕೊಳ್ಳಬೇಕು? ಇದನ್ನ ನಾನು ಕಲಿತಿದ್ದು ಯಾವ ಕೋರ್ಸ್‌ನಲ್ಲೂ ಅಲ್ಲ, ಒಂದು ಉಪ್ಪಿನಕಾಯಿ ಪೇಜ್ ಹಾಳು ಮಾಡಿಕೊಂಡು.

ಸಾಗರದ ಹತ್ತಿರ ನಮ್ಮ ಚಿಕ್ಕಮ್ಮ ಅಪ್ಪೆ ಮಿಡಿ ಉಪ್ಪಿನಕಾಯಿ ಹಾಕಿ ಮಾರ್ತಾರೆ. ಮಿಡಿ ಸಿಗೋದು ಬೇಸಿಗೆಯ ಕೆಲವೇ ವಾರ. ಅಷ್ಟರೊಳಗೆ ಆರ್ಡರ್ ಬರಬೇಕು. ಅದಕ್ಕೆ ನಾನೇ ಒಂದು ಕನ್ನಡ ಪೇಜ್ ಮಾಡಿಕೊಟ್ಟಿದ್ದೆ. ದರ, ಫೋನ್ ನಂಬರ್, ಜೊತೆಗೆ ಅಜ್ಜಿ ಹೇಳಿದ ಮಾತು. ಮಿಡಿ ಹೇಗೆ ಆರಿಸೋದು, ಸೊನೆ ಹೇಗೆ ಉಳಿಸಿಕೊಳ್ಳೋದು, ಉಪ್ಪಲ್ಲಿ ಎಷ್ಟು ದಿನ ಇಡೋದು, ಅವರ ಕಾಲದಲ್ಲಿ ಭರಣಿ ಹೊತ್ತು ತರ್ತಿದ್ದ ಕತೆ. ಅಜ್ಜಿ ಹೇಳ್ತಾ ಹೋದ್ರು, ನಾನು ನೇರವಾಗಿ ಪೇಜಿನೊಳಗೇ ಟೈಪ್ ಮಾಡ್ತಾ ಹೋದೆ. ಬೇರೆ ಕಾಪಿ ಇಟ್ಟುಕೊಳ್ಳಲಿಲ್ಲ.

ಮುಂದಿನ ವರ್ಷ ದರ ಬದಲಾಯಿಸಬೇಕಿತ್ತು. ನಾನು ಊರಲ್ಲಿರಲಿಲ್ಲ. ಒಂದು ಸೈಬರ್ ಸೆಂಟರ್‌ಗೆ ಹೋಗಿ, ಅಲ್ಲಿದ್ದ ಹಳೇ ಕಂಪ್ಯೂಟರ್‌ನಲ್ಲಿ ಫೈಲ್ ತೆರೆದು, ಎರಡು ಅಂಕಿ ಬದಲಿಸಿ ಸೇವ್ ಒತ್ತಿದೆ. ಇಂಗ್ಲಿಷ್‌ನಲ್ಲಿ ಏನೋ ಎಚ್ಚರಿಕೆ ಬಂತು. ಓದಲಿಲ್ಲ, ಓಕೆ ಅಂದೆ. ಅದನ್ನೇ ಅಪ್‌ಲೋಡ್ ಮಾಡಿ ಬಸ್ ಹತ್ತಿದೆ. ಸಂಜೆ ಚಿಕ್ಕಮ್ಮನ ಫೋನು: "ಏನೋ ಮಾರಾಯ, ಪೇಜ್ ತುಂಬಾ ಬರೀ ಪ್ರಶ್ನೆ ಗುರುತೇ ಕಾಣ್ತಿದೆಯಲ್ಲೋ?"

ಏನಾಗಿತ್ತು ಅಂದ್ರೆ, ಸೇವ್ ಮಾಡುವ ಪೆಟ್ಟಿಗೆಯಲ್ಲಿ ಎನ್‌ಕೋಡಿಂಗ್ ಅಂತ ಒಂದು ಸಾಲು ಇರುತ್ತೆ. ಅಲ್ಲಿ ಆನ್ಸಿ ಅಂತಿತ್ತು. ಆ ಹಳೇ ಪದ್ಧತಿಯಲ್ಲಿ ಸಾಮಾನ್ಯವಾಗಿ ಇರೋದು 256 ಅಕ್ಷರಕ್ಕೆ ಜಾಗ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗಾಗಿ ಪ್ರತಿ ಕನ್ನಡ ಅಕ್ಷರದ ಬದಲು ಒಂದು ಪ್ರಶ್ನೆ ಗುರುತು ಕೂತಿತ್ತು. ಯುಟಿಎಫ್-8 ಅಂತ ಆರಿಸಿದ್ದರೆ ಏನೂ ಆಗ್ತಿರಲಿಲ್ಲ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಜಾಗ ಇದೆ.

ಇಲ್ಲೊಂದು ವಿಷಯ ನೆನಪಿಟ್ಟುಕೊಳ್ಳಿ. ಪೇಜಿನಲ್ಲಿ ಖಾಲಿ ಚೌಕಗಳು ಕಂಡ್ರೆ ಹೆದರಬೇಡಿ, ಬಹುಪಾಲು ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೆ. ತಲೆ ಮೇಲೆ ಗೀಟು ಹೊತ್ತ ವಿಚಿತ್ರ ಇಂಗ್ಲಿಷ್ ಅಕ್ಷರ ಕಂಡ್ರೂ ಸಾಮಾನ್ಯವಾಗಿ ಫೈಲ್ ಸರಿಯೇ ಇರುತ್ತೆ, ಬ್ರೌಸರ್ ಅದನ್ನ ತಪ್ಪಾಗಿ ಓದ್ತಿರುತ್ತೆ. ಆದರೆ ಫೈಲಿನೊಳಗೇ ಪ್ರಶ್ನೆ ಗುರುತು ಕೂತಿದ್ದರೆ ಆ ಅಕ್ಷರ ಹೋಯ್ತು. ಫಾಂಟ್ ಬದಲಿಸಿದ್ರೂ ವಾಪಸ್ ಬರಲ್ಲ.

ದರಪಟ್ಟಿ ಮತ್ತೆ ಬರೆದೆ. ಅಜ್ಜಿ ಮಾತಿಗೆ ಏನು ಮಾಡ್ಲಿ? ಹೋಗಿ ಮತ್ತೆ ಕೇಳಿದೆ. "ಅದನ್ನೇನು ಬರೀತೀಯೋ, ಉಪ್ಪು ಹಾಕಿ ಇಡೋದು, ಅಷ್ಟೆ" ಅಂದ್ರು. ಮೊದಲ ಸಲ ಒಂದು ಗಂಟೆ ಹೇಳಿದ್ದರು. ಎರಡನೇ ಸಲ ಸಿಕ್ಕಿದ್ದು ಅದೊಂದೇ ಸಾಲು.

ಈಗ ಸಾಫ್ಟ್‌ವೇರ್ ವಿಷಯಕ್ಕೆ ಬರೋಣ. ವೆಬ್ ಪೇಜ್ ಅಂದ್ರೆ ದೊಡ್ಡ ಮಾಯೆ ಏನಲ್ಲ. ಅದೊಂದು ಅಕ್ಷರಗಳ ಫೈಲ್. ಯಾವುದು ತಲೆಬರಹ, ಯಾವುದು ಪ್ಯಾರಾ, ಯಾವುದು ಲಿಂಕ್ ಅಂತ ಗುರುತು ಹಾಕಿದ್ರೆ ಅದು ಎಚ್‌ಟಿಎಂಎಲ್. 1990ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿ ಬರೆದ ಮೊದಲ ಬ್ರೌಸರ್ ಎಡಿಟರ್ ಕೂಡ ಆಗಿತ್ತು. ಅಂದ್ರೆ ಓದೋದು, ತಿದ್ದೋದು ಎರಡೂ ಒಂದೇ ಕಡೆ. ಆಮೇಲೆ ಇವೆರಡೂ ಬೇರೆಬೇರೆ ಆದವು.

ತಿದ್ದೋ ಸಾಫ್ಟ್‌ವೇರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಪೇಜ್ ಹೇಗೆ ಕಾಣುತ್ತೋ ಹಾಗೇ ನೋಡ್ತಾ, ಎಳೆದು ಎಳೆದು ಜೋಡಿಸೋದು. 1997ರಲ್ಲಿ ಬಂದ ಡ್ರೀಮ್‌ವೀವರ್‌ನಲ್ಲಿ ಹೀಗೆ ಮಾಡಬಹುದಿತ್ತು, ಇವತ್ತಿನ ಆನ್‌ಲೈನ್ ಸೈಟ್ ಬಿಲ್ಡರ್‌ಗಳೂ ಹೀಗೇ. ಇನ್ನೊಂದು ಬರೀ ಅಕ್ಷರ ತೋರಿಸೋ ಟೆಕ್ಸ್ಟ್ ಎಡಿಟರ್. ಹೊಸಬರಿಗೆ ಮೊದಲನೆಯದು ಸುಲಭ ಅನ್ಸುತ್ತೆ, ನಿಜ. ಇವತ್ತು ರಾತ್ರಿಯೇ ಪೇಜ್ ಬೇಕು ಅಂದ್ರೆ ಅದನ್ನೇ ಬಳಸಿ, ತಪ್ಪೇನಿಲ್ಲ. ಆದರೆ ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿ: ನಾಳೆ ನಾನು ಇಲ್ಲಿಂದ ಹೊರಟರೆ ನನ್ನ ಪೇಜನ್ನ ಫೈಲ್ ರೂಪದಲ್ಲಿ ಎತ್ತಿಕೊಂಡು ಹೋಗಬಹುದಾ? ಇಲ್ಲ ಅನ್ನೋ ಉತ್ತರ ಬಂದ್ರೆ ನೀವು ಬಾಡಿಗೆ ಮನೆಗೆ ಬಣ್ಣ ಹೊಡೀತಿದ್ದೀರಿ ಅಂತ ಅರ್ಥ.

ಸಾಫ್ಟ್‌ವೇರ್ ಯಾವತ್ತೂ ಶಾಶ್ವತ ಅಲ್ಲ. ಬ್ರಾಕೆಟ್ಸ್ ಅನ್ನೋ ಒಳ್ಳೇ ಎಡಿಟರ್‌ಗೆ ಅಡೋಬಿ 2021ರಲ್ಲಿ ಬೆಂಬಲ ನಿಲ್ಲಿಸಿತು. ಆಟಮ್ ಅನ್ನೋದನ್ನ ಗಿಟ್‌ಹಬ್ 2022ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆದರೆ ಅವುಗಳಲ್ಲಿ ಬರೆದ ಫೈಲ್‌ಗಳು ಇವತ್ತೂ ಯಾವ ಎಡಿಟರ್‌ನಲ್ಲಾದರೂ ತೆರೆದುಕೊಳ್ಳುತ್ತವೆ. ಅದಕ್ಕೇ ನನ್ನ ಸಲಹೆ, ಟೆಕ್ಸ್ಟ್ ಎಡಿಟರ್‌ನಿಂದ ಶುರು ಮಾಡಿ.

ಯಾವುದು? ವಿಂಡೋಸ್ ಇದ್ದು, ಕಂಪ್ಯೂಟರ್ ಹಳೇದಾದ್ರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಉಚಿತ, ಹಗುರ. ಫೈಲ್ ಯಾವ ಎನ್‌ಕೋಡಿಂಗ್‌ನಲ್ಲಿದೆ ಅಂತ ಕೆಳಗಡೆ ಪಟ್ಟಿಯಲ್ಲೇ ಕಾಣುತ್ತೆ. ಸ್ವಲ್ಪ ಗಟ್ಟಿ ಕಂಪ್ಯೂಟರ್ ಇದ್ರೆ ವಿಎಸ್ ಕೋಡ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತೆ. ಅದರಲ್ಲಿ ಟೈಮ್‌ಲೈನ್ ಅಂತ ಇದೆ, ನೀವು ಸೇವ್ ಮಾಡಿದ ಹಳೇ ರೂಪಗಳನ್ನ ಅದು ನಿಮ್ಮ ಕಂಪ್ಯೂಟರ್‌ನಲ್ಲೇ ಇಟ್ಟಿರುತ್ತೆ. ಅದೊಂದು ಇದ್ದಿದ್ರೆ ನಮ್ಮ ಅಜ್ಜಿ ಮಾತು ಉಳೀತಿತ್ತು. ಏನೂ ಇನ್‌ಸ್ಟಾಲ್ ಮಾಡೋಕೆ ಆಗಲ್ಲ ಅಂದ್ರೆ ವಿಂಡೋಸ್ ಜೊತೆಗೇ ಬರೋ ನೋಟ್‌ಪ್ಯಾಡ್ ಸಾಕು, 2019ರ ನಂತರದ ವಿಂಡೋಸ್‌ನಲ್ಲಿ ಅದು ಹೊಸ ಫೈಲನ್ನ ತಾನಾಗೇ ಯುಟಿಎಫ್-8ನಲ್ಲಿ ಸೇವ್ ಮಾಡುತ್ತೆ. ಕಂಪ್ಯೂಟರೇ ಇಲ್ವಾ? ಆಂಡ್ರಾಯ್ಡ್ ಫೋನ್‌ಗೆ ಏಕೋಡ್ ಅನ್ನೋ ಎಡಿಟರ್ ಇದೆ. ಬೆರಳು ನೋಯುತ್ತೆ, ಆದರೆ ಸಣ್ಣ ಪೇಜ್ ಖಂಡಿತ ಆಗುತ್ತೆ.

ಯಾವುದು ಬೇಡ ಅಂದ್ರೆ, ಪತ್ರ ಬರೆಯೋ ವರ್ಡ್ ಪ್ರೊಸೆಸರ್. ಅದು ನೇರ ಉದ್ಧರಣ ಚಿಹ್ನೆಯನ್ನ ಬಾಗಿಸಿ ಚಂದ ಮಾಡುತ್ತೆ. ಓದೋಕೆ ಚಂದ, ಕೋಡಿಗೆ ವಿಷ. ಲಿಂಕ್ ಯಾಕೆ ಕೆಲಸ ಮಾಡ್ತಿಲ್ಲ ಅಂತ ನಾನು ಒಂದು ಮಧ್ಯಾಹ್ನ ಪೂರ್ತಿ ತಲೆ ಕೆರೆದುಕೊಂಡಿದ್ದೇನೆ.

ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಮನೆಯಲ್ಲಿದ್ದರೂ ಹುಷಾರು. ಅಲ್ಲಿ ಕನ್ನಡದಂತೆ ಕಾಣೋದು ಒಳಗೆ ಇಂಗ್ಲಿಷ್ ಅಕ್ಷರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಪೇಜಿಗೆ ಹಾಕಿ.

ಯಾವ ಸಾಫ್ಟ್‌ವೇರ್ ಹಿಡಿದ್ರೂ ಮೊದಲ ದಿನವೇ ಈ ಪರೀಕ್ಷೆ ಮಾಡಿ. ನಿಮ್ಮೂರಿನ ಹೆಸರು ಕನ್ನಡದಲ್ಲಿ ಟೈಪ್ ಮಾಡಿ. ಒತ್ತಕ್ಷರ ಇರೋ ಒಂದೆರಡು ಪದವನ್ನೂ ಸೇರಿಸಿ. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ಆ ಫೈಲನ್ನ ಬೇರೆಯವರ ಫೋನಿಗೆ ಕಳಿಸಿ ಬ್ರೌಸರ್‌ನಲ್ಲಿ ನೋಡಿ. ಸರಿ ಕಂಡ್ರೆ ಆ ಸಾಫ್ಟ್‌ವೇರ್ ಪಾಸು. ಪೇಜಿನ ತಲೆಭಾಗದಲ್ಲಿ ಮೆಟಾ ಚಾರ್‌ಸೆಟ್ ಯುಟಿಎಫ್-8 ಅನ್ನೋ ಸಾಲು ಇದೆಯಾ ಅಂತಲೂ ನೋಡಿ. ವಿಎಸ್ ಕೋಡ್‌ನಲ್ಲಿ ಎಚ್‌ಟಿಎಂಎಲ್ ಫೈಲ್ ತೆರೆದು, ಒಂದು ಆಶ್ಚರ್ಯಸೂಚಕ ಒತ್ತಿ ಟ್ಯಾಬ್ ಒತ್ತಿದ್ರೆ ಪೇಜಿನ ಅಸ್ಥಿಪಂಜರ ತಾನಾಗೇ ಬರುತ್ತೆ, ಈ ಸಾಲೂ ಸೇರಿ. ಅದರಲ್ಲಿ ಭಾಷೆ ಅನ್ನೋ ಕಡೆ ಇಂಗ್ಲಿಷ್ ಅಂತ, ಅಂದ್ರೆ ಇಎನ್ ಅಂತ ಇರುತ್ತೆ. ಅದನ್ನ ಕೆಎನ್ ಅಂತ ಬದಲಿಸಿ, ಇದು ಕನ್ನಡ ಪೇಜ್ ಅಂತ ಬ್ರೌಸರ್‌ಗೆ ಗೊತ್ತಾಗಲಿ.

ಇನ್ನೊಂದು ಮಾತು. ತಿದ್ದೋ ಮುಂಚೆ ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಮುಂದೆ ತಾರೀಖು ಹಾಕಿ ಇಡಿ. ಹತ್ತು ಸೆಕೆಂಡಿನ ಕೆಲಸ.

ಈಗ ಚಿಕ್ಕಮ್ಮನೇ ದರ ಬದಲಿಸ್ತಾರೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ತೆರೆದು, ಅಂಕಿ ಹುಡುಕಿ, ತಿದ್ದಿ, ಕೆಳಗಡೆ ಯುಟಿಎಫ್-8 ಅಂತ ಇದೆಯಾ ನೋಡಿ, ಆಮೇಲೇ ಸೇವ್. ಪೇಜಿನಲ್ಲಿ ಅಜ್ಜಿ ಹೆಸರಿನ ಕೆಳಗೆ ಒಂದೇ ಸಾಲು ಇದೆ: ಉಪ್ಪು ಹಾಕಿ ಇಡೋದು, ಅಷ್ಟೆ.

ನಿಮ್ಮ ಮನೇಲೂ ಹೇಳೋರು ಇದ್ರೆ ಬರೆದಿಡಿ, ಎರಡು ಕಡೆ ಬರೆದಿಡಿ.