ವೀಸಾ ಬೇರೆ, ಸ್ಟೇಟಸ್ ಬೇರೆ: ಅಮೆರಿಕದಲ್ಲಿ ಓದೋರಿಗೆ ಗೊತ್ತಿರಬೇಕಾದ ಕಾನೂನು

ಇವತ್ತಿನ ಎಪಿಸೋಡ್ ಅಮೆರಿಕದಲ್ಲಿ ಓದ್ತಿರೋರಿಗೆ, ಹೊರಡೋಕೆ ರೆಡಿಯಾಗ್ತಿರೋರಿಗೆ, ಮತ್ತೆ ಅವರನ್ನ ಕಳಿಸಿ ಇಲ್ಲಿ ಕೂತು ಸಾಲದ ಕಂತು ಲೆಕ್ಕ ಹಾಕ್ತಿರೋ ಮನೆಯವರಿಗೆ. ನಾನು ಲಾಯರ್ ಅಲ್ಲ, ಓದಿರೋದು ಬಿ.ಕಾಂ. ಹಾಗಾಗಿ ಇಲ್ಲಿ ಕೇಳಿದ್ದನ್ನೇ ನಿಮ್ಮ ಕೇಸಿಗೆ ಸಲಹೆ ಅಂತ ತಗೋಬೇಡಿ. ಲಾಯರ್ ಹತ್ರ ಹೋಗೋಕೆ ಮುಂಚೆ ಏನು ಗೊತ್ತಿರಬೇಕು, ಯಾವ ಬಾಗಿಲು ತಟ್ಟಬೇಕು, ಅಷ್ಟು ಮಾತಾಡೋಣ.

2025ರ ಮಾರ್ಚ್-ಏಪ್ರಿಲ್‌ನಲ್ಲಿ ಏನಾಯ್ತು ಅಂತ ನೆನಪಿದೆಯಾ? ಅಮೆರಿಕದಲ್ಲಿ ಎಫ್-1 ವೀಸಾ ಮೇಲೆ ಓದೋ ಪ್ರತಿಯೊಬ್ಬರ ದಾಖಲೆ ಸೆವಿಸ್ ಅನ್ನೋ ಸರ್ಕಾರಿ ಸಿಸ್ಟಮ್‌ನಲ್ಲಿರುತ್ತೆ. ಆ ಎರಡು ತಿಂಗಳಲ್ಲಿ ಸಾವಿರಾರು ವಿದ್ಯಾರ್ಥಿಗಳ ದಾಖಲೆ ಇದ್ದಕ್ಕಿದ್ದಂಗೆ 'ಟರ್ಮಿನೇಟೆಡ್' ಆಯ್ತು. ಎಷ್ಟೋ ಕಾಲೇಜುಗಳಿಗೆ ವಿಷಯ ಗೊತ್ತಾಗಿದ್ದೇ ತಾವಾಗಿ ಸ್ಕ್ರೀನ್ ನೋಡಿದಾಗ. ಕೆಲವರ ವಿಷಯದಲ್ಲಿ ಸಿಕ್ಕ ಕಾರಣ ಅಂದ್ರೆ ಹಳೇ ಟ್ರಾಫಿಕ್ ಕೇಸು, ಇಲ್ಲಾ ಕೋರ್ಟ್ ಎಂದೋ ವಜಾ ಮಾಡಿದ್ದ ಕೇಸು. ಅಲ್ಲಿನ ಇಮಿಗ್ರೇಷನ್ ಲಾಯರ್‌ಗಳ ಸಂಘ ಆಗ 327 ಪ್ರಕರಣ ಕಲೆಹಾಕಿ ನೋಡಿತು. ಅದರಲ್ಲಿ ಅರ್ಧದಷ್ಟು ಜನ ಭಾರತೀಯರು.

ಮೇಲ್ ನೋಡಿ ಗಾಬರಿಯಾಗಿ ಕೆಲವರು ಸೆಮಿಸ್ಟರ್ ಅರ್ಧಕ್ಕೇ ಬಿಟ್ಟು ಹೊರಟುಬಿಟ್ಟರು. ಇನ್ನು ಕೆಲವರು ಕೋರ್ಟಿಗೆ ಹೋದರು. ಒಂದೊಂದೇ ರಾಜ್ಯದಲ್ಲಿ ಜಡ್ಜ್‌ಗಳು ತಡೆಯಾಜ್ಞೆ ಕೊಡೋಕೆ ಶುರು ಮಾಡಿದ್ರು. ಏಪ್ರಿಲ್ 25ಕ್ಕೆ ಸರ್ಕಾರದ ವಕೀಲರೇ ಕೋರ್ಟಲ್ಲಿ ನಿಂತು, ದಾಖಲೆಗಳನ್ನ ವಾಪಸ್ ಹಾಕ್ತೀವಿ ಅಂದ್ರು. ಉಳಿದುಕೊಂಡೋರಿಗೆ ಇದರಿಂದ ಉಸಿರು ಬಂತು. ವೀಸಾ ರದ್ದಾದ ಮೇಲೆ ದೇಶ ಬಿಟ್ಟೋರು ಮತ್ತೆ ಕಾಲಿಡೋಕೆ ಹೊಸ ವೀಸಾಗೆ, ಹೊಸ ಇಂಟರ್‌ವ್ಯೂಗೆ ಕ್ಯೂ ನಿಲ್ಲಬೇಕು. 'ತಕ್ಷಣ ಹೊರಡಿ' ಅನ್ನೋ ಮೇಲ್ ಬಂದ ರಾತ್ರಿ ಟಿಕೆಟ್ ಬುಕ್ ಮಾಡೋದಾ, ಲಾಯರ್‌ಗೆ ಫೋನ್ ಮಾಡೋದಾ ಅನ್ನೋದು ಇಷ್ಟು ದೊಡ್ಡ ವ್ಯತ್ಯಾಸ ಮಾಡಿತು.

ಇಲ್ಲೇ ಒಂದು ಬೇಸಿಕ್ ವಿಷಯ ಬರುತ್ತೆ. ವೀಸಾ ಅನ್ನೋದು ಸಿನಿಮಾ ಥಿಯೇಟರ್ ಗೇಟಲ್ಲಿ ತೋರಿಸೋ ಟಿಕೆಟ್ ಇದ್ದಂಗೆ, ಒಳಗೆ ಬಿಡೋಕೆ. ಒಳಗೆ ಹೋದಮೇಲೆ ನೀವು ಕೂತಿರೋ ಸೀಟು ಇದೆಯಲ್ಲ, ಅದು ಸ್ಟೇಟಸ್. ಚೆನ್ನೈಗೋ ಹೈದರಾಬಾದಿಗೋ ಹೋಗಿ ಹಾಕಿಸಿಕೊಂಡ ವೀಸಾ ಸ್ಟ್ಯಾಂಪಿನ ತಾರೀಖು ಮುಗಿದಿದ್ರೂ, ಐ-20 ಸರಿಯಾಗಿದ್ದು, ಫುಲ್ ಟೈಮ್ ಓದ್ತಾ, ನಿಯಮ ಪಾಲಿಸ್ತಾ ಇದ್ರೆ ಸ್ಟೇಟಸ್ ಇರುತ್ತೆ. ವೀಸಾ ರದ್ದು ಅಂದಾಕ್ಷಣ ಸ್ಟೇಟಸ್ ಹೋಯ್ತು ಅಂತ ಅರ್ಥ ಅಲ್ಲ. ಹೋಗಿದೆಯೋ ಇಲ್ವೋ ಅಂತ ಒಬ್ಬ ಲಾಯರ್ ನಿಮ್ಮ ಕಾಗದ ನೋಡಿ ಹೇಳಬೇಕು, ವಾಟ್ಸಾಪ್ ಗ್ರೂಪ್ ಅಲ್ಲ.

ಈಗ, ಯಾರನ್ನ ಕೇಳೋದು? ಎಲ್ಲರೂ ಮೊದಲು ಓಡೋದು ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ. ಹೋಗಲೇಬೇಕು, ನಿಮ್ಮ ಸೆವಿಸ್ ದಾಖಲೆ ನೋಡೋರು ಅವರೇ. ಆದ್ರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಅಲ್ಲಿ ಕೂತಿರೋ ಡಿಎಸ್‌ಒ ನಿಮ್ಮ ವಕೀಲರಲ್ಲ. ಕೆಲವು ವಿಷಯ ಗೊತ್ತಾದ್ರೆ ಸರ್ಕಾರಕ್ಕೆ ವರದಿ ಮಾಡೋದು ಅವರ ಡ್ಯೂಟಿ. ಕ್ಯಾಂಪಸ್ ಹೊರಗೆ ಗ್ಯಾಸ್ ಸ್ಟೇಷನ್‌ನಲ್ಲೋ ರೆಸ್ಟೋರೆಂಟ್‌ನಲ್ಲೋ ಕ್ಯಾಶ್ ತಗೊಂಡು ಕೆಲಸ ಮಾಡಿದೀರಿ ಅನ್ನಿ. (ಮಾಡಬೇಡಿ. ಕ್ಯಾಂಪಸ್ ಒಳಗೇ, ಕ್ಲಾಸ್ ನಡೆಯೋವಾಗ ವಾರಕ್ಕೆ 20 ಗಂಟೆ ಅನ್ನೋ ಮಿತಿ ಇದೆ.) ಆ ಕತೆ ಹೇಳಿಕೊಳ್ಳಬೇಕಾದ ಜಾಗ ಡಿಎಸ್‌ಒ ಟೇಬಲ್ ಅಲ್ಲ, ಲಾಯರ್ ರೂಮು. ಲಾಯರ್ ಹತ್ರ ಹೇಳಿದ್ದಕ್ಕೆ ಗೋಪ್ಯತೆಯ ರಕ್ಷಣೆ ಇದೆ.

'ಲಾಯರ್ ಫೀಸು ಡಾಲರ್‌ನಲ್ಲಿ ಕೊಡೋಕೆ ಎಲ್ಲಿಂದ ತರೋದು ಗುರು' ಅಂತೀರಿ. ಕಾಮರ್ಸ್ ತಲೆಯಲ್ಲಿ ಯೋಚಿಸಿದ್ರೆ, ಮನೆ ಪತ್ರ ಅಡ ಇಟ್ಟು ತಗೊಂಡ ಸಾಲ ಉಳಿಸೋಕೆ ಒಂದು ಗಂಟೆ ಕನ್ಸಲ್ಟೇಷನ್ ಫೀಸು ಖರ್ಚೇ ಅಲ್ಲ. ಅದೂ ಬೇಕಾಗದೇ ಇರಬಹುದು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯವರು ಡೇವಿಸ್‌ನ ಲಾ ಸ್ಕೂಲಿನಲ್ಲಿ ಇಮಿಗ್ರೆಂಟ್ ಲೀಗಲ್ ಸರ್ವಿಸಸ್ ಸೆಂಟರ್ ಅಂತ ನಡೆಸ್ತಾರೆ, ವಿದ್ಯಾರ್ಥಿಗಳಿಗೂ ಅವರ ಹತ್ತಿರದ ಕುಟುಂಬದವರಿಗೂ ಉಚಿತವಾಗಿ. ಬೇರೆ ಎಷ್ಟೋ ಯೂನಿವರ್ಸಿಟಿಗಳಲ್ಲೂ ಲಾ ಸ್ಕೂಲ್ ಕ್ಲಿನಿಕ್ ಇರುತ್ತೆ, ಪ್ರೊಫೆಸರ್ ಉಸ್ತುವಾರಿಯಲ್ಲಿ ಲಾ ವಿದ್ಯಾರ್ಥಿಗಳು ಕೇಸ್ ನೋಡ್ತಾರೆ. ಸ್ಟೂಡೆಂಟ್ ಲೀಗಲ್ ಸರ್ವಿಸಸ್ ಅನ್ನೋ ಆಫೀಸೂ ಕೆಲವು ಕಡೆ ಇದೆ. ನಿಮ್ಮ ಕಾಲೇಜಲ್ಲಿ ಏನಿದೆ ಅಂತ ಮೊದಲ ವಾರದಲ್ಲೇ ಹುಡುಕಿ, ನಂಬರ್ ಸೇವ್ ಮಾಡಿಕೊಳ್ಳಿ.

ನಮ್ಮವರು ಅಲ್ಲಿಗೆ ಹೋಗೋಕೆ ಹಿಂಜರಿಯೋದು ದುಡ್ಡಿನ ಕಾರಣಕ್ಕೆ ಮಾತ್ರ ಅಲ್ಲ. 'ಅದು ಕಾಗದ ಇಲ್ದೇ ಬಂದೋರಿಗೆ, ನಾವು ವೀಸಾ ತಗೊಂಡು ಬಂದೋರು' ಅನ್ನೋ ಒಂದು ಗೆರೆ ಮನಸ್ಸಲ್ಲಿದೆ. ನನಗೆ ಈ ಗೆರೆ ಇಷ್ಟ ಆಗಲ್ಲ, ಅದಕ್ಕಿಂತ ಹೆಚ್ಚಾಗಿ ಅದು ಸುಳ್ಳು. ಒಂದು ಉದಾಹರಣೆ. ಚಿಕ್ಕವಯಸ್ಸಲ್ಲಿ ಅಮೆರಿಕಕ್ಕೆ ಬಂದು ಕಾಗದ ಇಲ್ಲದೆ ಬೆಳೆದೋರಿಗಾಗಿ 2012ರಲ್ಲಿ ಡಾಕಾ ಅನ್ನೋ ರಕ್ಷಣೆ ಬಂತು. ಆದ್ರೆ ಆ ವರ್ಷದ ಜೂನ್ 15ಕ್ಕೆ ಕಾನೂನುಬದ್ಧ ಸ್ಟೇಟಸ್ ಇದ್ದೋರಿಗೆ ಅದು ಸಿಗಲ್ಲ. ಅಂದ್ರೆ ಅಪ್ಪನ ಎಚ್-1ಬಿ ಜೊತೆ ಎಚ್-4 ಮೇಲೆ ಬೆಳೆದ ನಮ್ಮ ಬೆಂಗಳೂರು, ಮೈಸೂರು ಕಡೆಯ ಮಕ್ಕಳಿಗೆ ಡಾಕಾ ಇಲ್ಲ. 21 ತುಂಬಿದ ದಿನ ಎಚ್-4 ಕೂಡ ಇಲ್ಲ. ಗ್ರೀನ್ ಕಾರ್ಡ್ ಕ್ಯೂನಲ್ಲಿ ಅಪ್ಪ-ಅಮ್ಮ ನಿಂತೇ ಇರ್ತಾರೆ, ಮಕ್ಕಳು ಬೇರೆ ವೀಸಾ ಹುಡುಕಬೇಕು. ಎಲ್ಲಾ ನಿಯಮ ಪಾಲಿಸಿದ ಮನೆಯ ಹುಡುಗಿಯೂ, ಕಾಗದವೇ ಇಲ್ಲದ ಮೆಕ್ಸಿಕೋ ಮೂಲದ ಹುಡುಗನೂ ಒಂದೇ ಕ್ಯಾಂಪಸ್‌ನಲ್ಲಿ ಒಂದೇ ಲಾಯರ್ ರೂಮಿನ ಹೊರಗೆ ಕೂತಿರ್ತಾರೆ.

ಬಾಗಿಲು ತಟ್ಟಿದಾಗ ಇರೋ ಹಕ್ಕೂ ಇಬ್ಬರಿಗೂ ಒಂದೇ. ಹಾಸ್ಟೆಲ್ ರೂಮು, ಬಾಡಿಗೆ ಮನೆ ಖಾಸಗಿ ಜಾಗ. ಐಸ್ ಅಧಿಕಾರಿಗಳು ನಿಮ್ಮ ಒಪ್ಪಿಗೆ ಇಲ್ಲದೆ ಒಳಗೆ ಬರಬೇಕಾದ್ರೆ ಜಡ್ಜ್ ಸಹಿ ಮಾಡಿದ ವಾರಂಟ್ ಬೇಕು, ಇದು ಸಂವಿಧಾನದ ನಾಲ್ಕನೇ ತಿದ್ದುಪಡಿಯ ಮಾತು. ಅವರದೇ ಇಲಾಖೆಯ ಅಧಿಕಾರಿ ಸಹಿ ಮಾಡಿದ ವಾರಂಟೂ ಇರುತ್ತೆ, ನೋಡೋಕೆ ಅಷ್ಟೇ ಖಡಕ್ ಆಗಿರುತ್ತೆ. ಬಾಗಿಲು ತೆಗೆಯದೆ, ಕೆಳಗಿಂದ ತೂರಿಸಿ ಅನ್ನಿ, ಸಹಿ ಯಾರದು, ಕೋರ್ಟ್ ಹೆಸರಿದೆಯಾ ಅಂತ ನೋಡಿ. ಲೈಬ್ರರಿ ಮುಂದಿನ ಲಾನ್‌ನಂಥ ಸಾರ್ವಜನಿಕ ಜಾಗದಲ್ಲಿ ಈ ರಕ್ಷಣೆ ಇಲ್ಲ. ಕಾಲೇಜು ಆವರಣದಲ್ಲಿ ದಾಳಿ ಮಾಡೋದನ್ನ ತಡೀತಿದ್ದ ಹಳೇ ಮಾರ್ಗಸೂಚಿಯನ್ನೂ 2025ರ ಜನವರಿಯಲ್ಲಿ ತೆಗೆದುಹಾಕಿದಾರೆ.

ಪ್ರಶ್ನೆಗೆ ಉತ್ತರ ಕೊಡದೆ ಲಾಯರ್ ಬೇಕು ಅನ್ನಬಹುದು. ಸುಳ್ಳು ಮಾತ್ರ ಹೇಳಬೇಡಿ. ಅದರಲ್ಲೂ 'ನಾನು ಸಿಟಿಜನ್' ಅಂದುಬಿಟ್ರೆ ಮುಂದೆ ಯಾವ ಬಾಗಿಲೂ ತೆಗೆಯೋದು ಕಷ್ಟ. 18 ದಾಟಿದ ವಿದೇಶಿಯರು ನೋಂದಣಿ ದಾಖಲೆ ಜೊತೆಗಿಟ್ಟುಕೊಂಡಿರಬೇಕು ಅನ್ನೋ ಕಾನೂನೂ ಇದೆ, ಅದಕ್ಕೆ ಐ-94 ಪ್ರಿಂಟ್ ಪರ್ಸಲ್ಲಿರಲಿ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ. ಏರ್‌ಪೋರ್ಟ್ ಕತೆ ಬೇರೆ, ಅಲ್ಲಿ ವೀಸಾದವರು ಮೌನವಾಗಿದ್ರೆ ಹಾಗೇ ವಾಪಸ್ ಕಳಿಸಬಹುದು.

ಇಮಿಗ್ರೇಷನ್ ಕೇಸಲ್ಲಿ ಸರ್ಕಾರ ಪುಕ್ಕಟೆ ವಕೀಲರನ್ನ ಕೊಡಲ್ಲ, ಸಿನಿಮಾದಲ್ಲಿ ನೋಡಿದ್ದನ್ನ ನಂಬಬೇಡಿ. ಕೊಡೋದು ಕ್ರಿಮಿನಲ್ ಕೇಸಿಗೆ. ಆದ್ರೆ ಬಂಧನದಲ್ಲಿದ್ರೆ 'ನಮ್ಮ ಕಾನ್ಸುಲೇಟ್‌ಗೆ ತಿಳಿಸಿ' ಅನ್ನೋ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಬಂದಿದೆ. ಇಲ್ಲಿಂದ ಮನೆಯವರು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಕಾನ್ಸುಲೇಟ್ ಹೆಸರಲ್ಲೋ ಐಸ್ ಹೆಸರಲ್ಲೋ ಫೋನ್ ಮಾಡಿ ದುಡ್ಡು, ಗಿಫ್ಟ್ ಕಾರ್ಡ್ ಕೇಳಿದ್ರೆ ಅದು ಮೋಸ. ಫೋನ್ ಇಟ್ಟುಬಿಡಿ.

ಲಿಸನರ್ ಒಬ್ಬರು ದಾವಣಗೆರೆಯಿಂದ ವಾಯ್ಸ್ ನೋಟ್ ಕಳಿಸಿದ್ರು. 'ತಮ್ಮ ಫೋನಲ್ಲಿ ಬರೀ ಏನಿಲ್ಲ ಬಿಡಕ್ಕ ಅಂತಾನೆ. ಅವ್ನಿಗೆ ಏನಾದ್ರೂ ಆದ್ರೆ ನಮಗ್ಯಾರು ಹೇಳ್ತಾರೆ?' ಕಾಲೇಜು ಹೇಳಲ್ಲ ಅಕ್ಕ. ಅಲ್ಲಿನ ಫರ್ಪಾ ಕಾನೂನಿನ ಪ್ರಕಾರ ವಿದ್ಯಾರ್ಥಿ ಬರೆದು ಒಪ್ಪಿಗೆ ಕೊಡದಿದ್ರೆ ಕಾಲೇಜು ನಿಮ್ಮ ಜೊತೆ ಅವನ ದಾಖಲೆ ಬಗ್ಗೆ ಮಾತಾಡೋದಿಲ್ಲ. ಈ ವಾರವೇ ಆ ಫಾರ್ಮ್ ಕೊಡೋಕೆ ಹೇಳಿ. ಹಾಗೇ ಐ-20, ಪಾಸ್‌ಪೋರ್ಟ್, ವೀಸಾ ಪುಟದ ಕಾಪಿ ನಿಮ್ಮ ಹತ್ರ ಇರಲಿ. ಬಂಧನದಲ್ಲಿರೋರನ್ನ ಹುಡುಕೋಕೆ ಐಸ್‌ನವರ ವೆಬ್‌ಸೈಟಲ್ಲಿ ಒಂದು ಲೊಕೇಟರ್ ಇದೆ. ಎ-ನಂಬರ್ ಗೊತ್ತಿಲ್ಲದಿದ್ರೆ ಹೆಸರು, ಹುಟ್ಟಿದ ದೇಶ ಹಾಕಿ ಹುಡುಕಬೇಕು, ಸ್ಪೆಲಿಂಗ್ ಒಂದಕ್ಷರ ತಪ್ಪಿದ್ರೂ ಸಿಗಲ್ಲ. ನಮ್ಮಲ್ಲಿ ಇನಿಷಿಯಲ್ ಇರುತ್ತೆ, ಊರ ಹೆಸರಿರುತ್ತೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ರಂತೂ ವೀಸಾದಲ್ಲಿ ಅದನ್ನ ಸರ್‌ನೇಮ್ ಮಾಡಿ, ಫಸ್ಟ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕಿರ್ತಾರೆ. ವೀಸಾದಲ್ಲಿ ಹೇಗಿದೆಯೋ ಹಾಗೇ ಒಂದು ಹಾಳೇಲಿ ಬರೆದು ಮನೇಲಿಡಿ.