ಪ್ರಶ್ನೆ ಕೇಳುವವನ ಗುಟ್ಟು

(ವೇದಿಕೆಯ ತಿಂಗಳ ಮಾತುಕತೆಯಲ್ಲಿ ಆಡಿದ ಮಾತಿನ ಬರಹ ರೂಪ)



ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ಕ್ವಾಂಟಮ್ ಅನ್ನುವ ಶಬ್ದ ನಿಮಗೆಷ್ಟು ದೂರವೋ ನನಗೂ ಅಷ್ಟೇ ದೂರ ಇತ್ತು. ಆದರೆ ಓದುತ್ತಾ ಹೋದ ಹಾಗೆ ಅದರೊಳಗೆ ನಮ್ಮ ಸ್ಟೇರ್‌ಕೇಸ್ ವೈರಿಂಗೇ ಕಾಣಿಸಿತು. ಅದಕ್ಕೇ ಧೈರ್ಯ ಮಾಡಿ ಮೈಕ್ ಹಿಡಿದಿದ್ದೇನೆ.

ಮೊದಲು ಸಮಸ್ಯೆ ಏನು ಅಂತ ನೋಡುವ. ನಮ್ಮ ರೂಮಿನಲ್ಲಿ ಒಬ್ಬರಿಗೆ ಮೂರು ವಾರ ಕೆಮ್ಮು ನಿಲ್ಲಲಿಲ್ಲ. ವೀಸಾ ನವೀಕರಣದ ಮೆಡಿಕಲ್ ಹತ್ತಿರ ಬಂದಿತ್ತು. "ಅಣ್ಣ, ಫೋನಿನಲ್ಲಿ ಹುಡುಕಿ ನೋಡಿ" ಅಂದೆ. "ಬೇಡ ಮಾರಾಯ, ನಾನು ಕ್ಷಯದ ಬಗ್ಗೆ ಹುಡುಕಿದ್ದು ಎಲ್ಲಿಯಾದರೂ ದಾಖಲಾದರೆ?" ಅಂದರು. ಆಮೇಲೆ ಡಾಕ್ಟರ ಹತ್ತಿರ ಹೋದಾಗ ಧೂಳಿನ ಅಲರ್ಜಿ ಅಂತ ಗೊತ್ತಾಯಿತು. ಆದರೆ ಆ ಮೂರು ವಾರ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ.

ಅವರ ಹೆದರಿಕೆ ಸುಳ್ಳೇನಲ್ಲ. ಬ್ರೌಸರಿನಲ್ಲಿ ಕಾಣುವ ಬೀಗದ ಗುರುತು ದಾರಿಯಲ್ಲಿ ಕದಿಯುವವರನ್ನು ತಡೆಯುತ್ತದೆ. ಆದರೆ ಉತ್ತರ ಕೊಡಬೇಕಾದ ಸರ್ವರ್ ಪ್ರಶ್ನೆಯನ್ನು ಓದಲೇಬೇಕಲ್ಲ? 2006ರಲ್ಲಿ ಅಮೆರಿಕದ ಎಒಎಲ್ ಕಂಪನಿ ಸುಮಾರು 6.5 ಲಕ್ಷ ಜನ ಮೂರು ತಿಂಗಳು ಹುಡುಕಿದ ಪಟ್ಟಿಯನ್ನು ಸಂಶೋಧನೆಗೆಂದು ಬಿಡುಗಡೆ ಮಾಡಿತು. ಹೆಸರು ತೆಗೆದು ಬರೇ ನಂಬರ್ ಹಾಕಿದ್ದರು. ಆದರೂ ಹುಡುಕಿದ ಶಬ್ದಗಳನ್ನೇ ಜೋಡಿಸಿ ಪತ್ರಿಕೆಯವರು ಒಬ್ಬ ಮಹಿಳೆಯ ಮನೆ ಬಾಗಿಲಿಗೇ ಹೋದರು. ನಾವು ಏನು ಕೇಳುತ್ತೇವೋ ಅದೇ ನಮ್ಮ ಗುರುತು.

ಹಾಗಾದರೆ ಏನು ಕೇಳಿದೆ ಅಂತ ಹೇಳದೆ ಉತ್ತರ ಪಡೆಯಲು ಸಾಧ್ಯವಾ? ಸಾಧ್ಯ ಅಂತ 1995ರಲ್ಲಿ ಭಾರತ ಮೂಲದ ಮಧು ಸುದನ್ ಸೇರಿ ನಾಲ್ವರು ತೋರಿಸಿದರು. ಇಲ್ಲಿ ಬರುತ್ತದೆ ನಮ್ಮ ಸ್ಟೇರ್‌ಕೇಸ್ ವೈರಿಂಗ್. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಯಾವುದನ್ನು ಒತ್ತಿದರೂ ಲೈಟಿನ ಸ್ಥಿತಿ ತಿರುಗುತ್ತದೆ. ನಡುವೆ ಇಂಟರ್‌ಮೀಡಿಯಟ್ ಸ್ವಿಚ್ ಹಾಕಿ ಹತ್ತು ಕಡೆಯಿಂದ ಬೇಕಾದರೂ ನಡೆಸಬಹುದು. ಕಂಪ್ಯೂಟರಿನವರು ಇದನ್ನೇ ಎಕ್ಸ್‌ಓಆರ್ ಅಂತಾರೆ.

ಒಂದೇ ಪಟ್ಟಿ ಎರಡು ಸರ್ವರ್‌ಗಳಲ್ಲಿ ಇದೆ ಅಂತಿಟ್ಟುಕೊಳ್ಳಿ. ಪ್ರತಿ ಸಾಲಿನಲ್ಲೂ ಹೌದು ಅಥವಾ ಇಲ್ಲ, ಒಂದೇ ಉತ್ತರ. ನಾನು ಕಣ್ಣು ಮುಚ್ಚಿ ಕೆಲವು ಸಾಲು ಆರಿಸಿ ಮೊದಲ ಸರ್ವರ್‌ಗೆ ಕಳಿಸುತ್ತೇನೆ. ಅದೇ ಆಯ್ಕೆಯಲ್ಲಿ ನನಗೆ ಬೇಕಾದ ಸಾಲು ಇದ್ದರೆ ತೆಗೆದು, ಇಲ್ಲದಿದ್ದರೆ ಸೇರಿಸಿ ಎರಡನೆಯದಕ್ಕೆ ಕಳಿಸುತ್ತೇನೆ. ಎರಡೂ ತಮಗೆ ಬಂದ ಸಾಲುಗಳನ್ನು ಸ್ವಿಚ್‌ಗಳ ಹಾಗೆ ಸೇರಿಸಿ, ಕೊನೆಗೆ ಲೈಟು ಆನೋ ಆಫೋ ಅಂತ ಹೇಳುತ್ತವೆ. ಎರಡೂ ಒಂದೇ ಬಂದರೆ ನನ್ನ ಸಾಲಿನ ಉತ್ತರ 'ಇಲ್ಲ'. ಬೇರೆ ಬೇರೆ ಬಂದರೆ 'ಹೌದು'. ನನಗೆ ಯಾವ ಸಾಲು ಬೇಕಿತ್ತು ಅಂತ ಒಬ್ಬರಿಗೂ ಗೊತ್ತಾಗಲ್ಲ. ಆದರೆ ಎರಡೂ ಸರ್ವರಿನವರು ಚಹಾ ಕುಡಿಯುತ್ತಾ ಚೀಟಿ ಹೋಲಿಸಿ ನೋಡಿದರೆ ಗುಟ್ಟು ರಟ್ಟು.

ಒಂದೇ ಸರ್ವರ್ ಇದ್ದರೆ? ಅಲ್ಲಿ ಬೆಳಕಿನ ಕಣ, ಅಂದರೆ ಫೋಟಾನ್, ಸಹಾಯಕ್ಕೆ ಬರುತ್ತದೆ. ನಮ್ಮ ಟೆಸ್ಟರ್ ಮುಟ್ಟಿಸಿದರೆ ಲೈನಿಗೆ ಏನೂ ಆಗಲ್ಲ. ಫೋಟಾನ್ ಹಾಗಲ್ಲ, ಅಳೆಯಲು ಹೋದರೆ ಅದರ ಸ್ಥಿತಿಯೇ ಬದಲಾಗಬಹುದು. ಇದರ ಮೇಲೆ ಗುಟ್ಟಿನ ಕೀ ಹಂಚುವ ವಿಧಾನವನ್ನು ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಸ್ಸಾರ್ ಅನ್ನುವವರು 1984ರ ಡಿಸೆಂಬರಿನಲ್ಲಿ ಒಂದು ಸಮ್ಮೇಳನದಲ್ಲಿ ಮಂಡಿಸಿದರು. ಎಲ್ಲಿ ಗೊತ್ತುಂಟಾ? ನಮ್ಮ ಬೆಂಗಳೂರಿನಲ್ಲಿ! ಇವತ್ತಿಗೂ ಜಗತ್ತಿನಲ್ಲಿ ಈ ವಿಷಯ ಬರೆಯುವವರು ಆ ಬೆಂಗಳೂರಿನ ಪ್ರಬಂಧವನ್ನು ನೆನೆಯುತ್ತಾರೆ.

ಇದೇ ದಾರಿಯಲ್ಲಿ 2011ರಲ್ಲಿ ಮಾರ್ಕುಸ್ ಯಾಕೋಬಿ ಮತ್ತು ಸಂಗಡಿಗರು ಗುಟ್ಟಾಗಿ ಹುಡುಕುವ ವಿಧಾನ ಬರೆದರು. ಸರ್ವರ್ ನನಗೆ ಫೋಟಾನ್‌ಗಳನ್ನು ಕಳಿಸುತ್ತದೆ. ಆಮೇಲೆ "ಕಳಿಸಿದ್ದು ಈ ಎರಡರಲ್ಲಿ ಒಂದು" ಅಂತ ಪ್ರತಿಯೊಂದಕ್ಕೂ ಸುಳಿವು ಕೊಡುತ್ತದೆ. ನಾನು ಅಳೆದದ್ದರ ಜೊತೆ ಹೋಲಿಸಿದರೆ ನಾಲ್ಕರಲ್ಲಿ ಒಂದು ಮಾತ್ರ ಖಚಿತವಾಗುತ್ತದೆ. ಯಾವುದು ಖಚಿತವಾಯಿತು ಅಂತ ಸರ್ವರ್‌ಗೆ ತಿಳಿಯದು. ನಂತರ ಆರಾರು ಕಣಗಳ ಉತ್ತರವನ್ನು ಆರು ಸ್ವಿಚ್‌ನ ಕಾರಿಡಾರ್ ಲೈಟಿನ ಹಾಗೆ ಸೇರಿಸಿ ಒಂದೊಂದು ಕೀ ಮಾಡುತ್ತಾರೆ. ಆರರಲ್ಲಿ ಒಂದು ಸ್ವಿಚ್ ಗೊತ್ತಿಲ್ಲದಿದ್ದರೂ ಲೈಟು ಉರಿಯುತ್ತಿದೆಯೋ ಇಲ್ಲವೋ ಹೇಳಲಾಗದು. ಆರೂ ಗೊತ್ತಿರುವ ಸಂಭವ 4096ರಲ್ಲಿ ಒಂದು. ಪಟ್ಟಿಯಲ್ಲಿ 10,000 ಸಾಲಿದ್ದರೆ ಸರಾಸರಿ ಎರಡು ಮೂರು ಕೀ ಮಾತ್ರ ನನ್ನ ಕೈಲಿ. ಸರ್ವರ್ ಹತ್ತಿರ ಎಲ್ಲವೂ.

ನನಗೆ ಬೇಕಾದ್ದು 40ನೇ ಸಾಲು, ಗೊತ್ತಿರುವುದು 100ನೇ ಕೀ ಅನ್ನಿ. "60 ಸ್ಥಾನ ಸರಿಸಿ ಬೀಗ ಹಾಕಿ" ಅಂತ ಹೇಳುತ್ತೇನೆ, ಅಷ್ಟೇ. ಸರ್ವರ್ 10,000 ಸಾಲಿಗೂ ಬೀಗ ಹಾಕಿ ಕಳಿಸುತ್ತದೆ. 40ನೇದು ನನಗೆ ತೆರೆಯುತ್ತದೆ. 60 ಅನ್ನುವ ಸಂಖ್ಯೆಯಿಂದ ಸರ್ವರ್‌ಗೆ ಏನೂ ತಿಳಿಯಲ್ಲ. ಉಳಿದ ಸಾಲುಗಳು ಹೆಚ್ಚುಕಡಿಮೆ ಎಲ್ಲವೂ ನನಗೂ ಮುಚ್ಚಿಯೇ ಇರುತ್ತವೆ. ಹಾಗಾಗಿ ಪಟ್ಟಿಯ ಮಾಲೀಕನಿಗೂ ನಷ್ಟ ಇಲ್ಲ.

ಪೂರ್ತಿ ಭದ್ರವಾ ಅಂತ ಕೇಳಿದರೆ, ಇಲ್ಲ. ಇಬ್ಬರ ಗುಟ್ಟನ್ನೂ ನೂರಕ್ಕೆ ನೂರು ಕಾಯುವುದು ಕ್ವಾಂಟಮ್‌ನಿಂದಲೂ ಆಗದು ಅಂತ 1997ರಲ್ಲಿ ಹೋಯ್-ಕ್ವಾಂಗ್ ಲೋ ಸಾಧಿಸಿ ತೋರಿಸಿದ್ದಾರೆ. ಇಲ್ಲಿರುವ ರಕ್ಷಣೆ ಇಎಲ್‌ಸಿಬಿಯ ಹಾಗೆ. ಇಎಲ್‌ಸಿಬಿ ವೈರಿನ ಇನ್ಸುಲೇಷನ್ ಹಾಳಾಗುವುದನ್ನು ತಡೆಯಲ್ಲ, ಲೀಕ್ ಆದರೆ ತೋರಿಸಿಕೊಡುತ್ತದೆ. ಸರ್ವರ್ ಬೇರೆ ತರದ ಫೋಟಾನ್ ಕಳಿಸಿ ನನ್ನ ಕೀ ಯಾವುದೆಂದು ಕದ್ದು ನೋಡಲು ಹೋದರೆ ಆ ಕೀಯ ಬೆಲೆ ಅದಕ್ಕೇ ತಪ್ಪಿಹೋಗುತ್ತದೆ. ಉತ್ತರಗಳು ತಪ್ಪಾಗಿ ಬರತೊಡಗುತ್ತವೆ. ನಮಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ನಡುನಡುವೆ ಕೇಳಿ ಪರೀಕ್ಷಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಇದೆಲ್ಲ ನಮ್ಮ ಮೊಬೈಲಿಗೆ ಇನ್ನೂ ಬಂದಿಲ್ಲ. ಫೋಟಾನ್ ಕಳಿಸಲು, ಅಳೆಯಲು ಬೇರೆಯೇ ಉಪಕರಣ ಬೇಕು. ಮತ್ತೆ, ಪಾಸ್‌ಪೋರ್ಟ್ ನಂಬರ್ ಹಾಕಿ ಲಾಗಿನ್ ಆದ ಮೇಲೆ ಕೇಳಿದವನು ಯಾರು ಅನ್ನುವುದನ್ನು ಯಾವ ಕ್ವಾಂಟಮ್ಮೂ ಮುಚ್ಚಿಡಲ್ಲ.

ಆದರೆ ಓದುವಾಗ ಒಂದು ಹಳೇ ಉಪಾಯ ಸಿಕ್ಕಿತು. ಒಂದೇ ಸರ್ವರಿನಿಂದ ಪೂರ್ತಿ ಗುಟ್ಟಾಗಿ ಕೇಳುವ ಸುಲಭ ದಾರಿ ಯಾವುದು ಗೊತ್ತುಂಟಾ? ಇಡೀ ಪಟ್ಟಿಯನ್ನೇ ತೆಗೆದುಕೊಂಡು ಹೋಗುವುದು. ದೊಡ್ಡ ಡೇಟಾಬೇಸಿಗೆ ಅದು ಆಗದ ಕೆಲಸ. ನಮಗೆ ಬೇಕಾದಷ್ಟಕ್ಕೆ ಖಂಡಿತ ಆಗುತ್ತದೆ.

ಅದಕ್ಕೇ ವೇದಿಕೆಯ ಹಿರಿಯರಲ್ಲಿ ಒಂದು ಕೋರಿಕೆ. ಕ್ಷಯ, ಸಕ್ಕರೆ ಕಾಯಿಲೆ, ಮನಸ್ಸಿನ ಬೇಸರ, ಸಂಬಳ ಬಾಕಿ, ಕೆಲಸ ಬದಲಿಸುವ ನಿಯಮ, ಊರಿಗೆ ಹೋಗುವ ದಾರಿ, ಎಲ್ಲವನ್ನೂ ತಿಳಿದವರ ಹತ್ತಿರ ಬರೆಸಿ ಕನ್ನಡದಲ್ಲಿ ಒಂದೇ ಪುಸ್ತಕ ಮಾಡುವ. ಪ್ರತಿ ರೂಮಿಗೂ ಒಂದು ಕೊಡುವ, ಫೋನಿಗೂ ಪೂರ್ತಿ ಪುಸ್ತಕವನ್ನೇ ಕಳಿಸುವ. ವೈರಿಂಗ್ ಮತ್ತು ಶಾಕ್ ಬಗೆಗಿನ ಪುಟ ನಾನು ಬರೆದುಕೊಡುತ್ತೇನೆ. ರಾತ್ರಿ ಕೆಮ್ಮುತ್ತಾ ಮಲಗಿದವನು ಯಾವ ಪುಟ ತೆರೆದ ಅಂತ ಪಕ್ಕದ ಮಂಚದವನಿಗೂ ಗೊತ್ತಾಗಬೇಕಾಗಿಲ್ಲ.